ದಳವಾಯಿಯ ಕುರುಡು ಕೋಪ

ಕೆಂಚಗಿರಿಯ ದಳವಾಯಿ ದುಗ್ಗಪ್ಪನಿಗೆ ತನ್ನ ಕೋಪದ ಮೇಲೆ ಬಲು ಹೆಮ್ಮೆ. ತುಂಬಿದ ಸಭೆಯಲ್ಲೇ ಮೀಸೆ ತಿರುವಿ ಹೇಳಿದ: "ಪ್ರಭು, ನನ್ನದು ಕುರುಡು ಕೋಪ. ಬಂತೆಂದರೆ ಎದುರಿಗೆ ಯಾರಿದ್ದಾರೆ ಎಂಬುದೇ ಕಾಣದು. ಕೈ ತಾನಾಗಿ ಏಳುತ್ತದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಎದ್ದಿತು. ಅದರಲ್ಲಿ ನನ್ನ ತಪ್ಪೇನು?"

ಕೈ ಎದ್ದದ್ದು ಹೆಂಡತಿ ಸಾತವ್ವನ ಮೇಲೆ. ಊದಿದ ಕೆನ್ನೆಗೆ ಸೆರಗನ್ನೂ ಮುಚ್ಚಿಕೊಳ್ಳದೆ ಆಕೆ ಅದೇ ಸಭೆಯಲ್ಲಿ ನಿಂತಿದ್ದಳು.

"ನನ್ನನ್ನು ಮತ್ತೆ ಇವರ ಕೈಗೆ ಒಪ್ಪಿಸಬೇಡಿ ಬುದ್ಧಿ. ಈ ಸಲ ಕೆನ್ನೆ. ಇನ್ನೊಂದು ಸಲಕ್ಕೆ ನನ್ನ ಹೆಣವೇ ಹೊರಬಿದ್ದೀತು."

ಅರಸ ಚಂದರಸ ಒಳ್ಳೆಯವನೇ. ಕಷ್ಟದ ತೀರ್ಪು ಎದುರಾದಾಗ ಮಾತ್ರ ಅವನಿಗೆ ಹಸಿವಾಗುತ್ತಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ತಾಯಿ. ಪಾಪ, ಕೋಪ ಅವನ ಹಿಡಿತದಲ್ಲಿಲ್ಲವಂತೆ. ಮನೆಗೆ ಹೋಗು," ಎಂದುಬಿಟ್ಟ.

ಸಭೆಯೆಲ್ಲ ತಲೆದೂಗಿತು. ಆಸ್ಥಾನದ ಜಾಣ ಕೇತಯ್ಯನಿಗೆ ಮಾತ್ರ ಮೈಯೆಲ್ಲ ಉರಿಯಿತು. ಮೈ ಉರಿದಷ್ಟೂ ಅವನ ವಿನಯ ಹೆಚ್ಚು.

"ಗಾದೆ ಸುಳ್ಳಾದೀತೆ ಪ್ರಭು? ಉಂಡರೆ ಜಗಳ ಮುಗಿಯುವುದಾದರೆ ಆ ಊಟ ಅರಮನೆಯಲ್ಲೇ ಆಗಲಿ. ಸಾತವ್ವ ಆಮೇಲೆ ಹೊರಡಲಿ."

ಊಟದ ಮಾತಿಗೆ ಅರಸ ಎಂದಾದರೂ ಬೇಡ ಎಂದದ್ದುಂಟೆ? ಕೇತಯ್ಯ ಅವನ ಕಿವಿಯಲ್ಲಿ ಇನ್ನೆರಡು ಮಾತು ಉಸುರಿ ಅಡುಗೆಮನೆಗೆ ನಡೆದ.

ಎಲೆ ಹಾಕಿದರು. ಕೇತಯ್ಯನೇ ಬಡಿಸಲು ನಿಂತ. ದುಗ್ಗಪ್ಪನ ಸಾರಿಗೆ ಉಪ್ಪು ಹಿಡಿಹಿಡಿಯಾಗಿ ಬಿದ್ದಿತ್ತು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರಾಡಿತು. ಬಾಗಿಲ ಬಳಿ ನಿಂತ ಸಾತವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಸಾರು ಹೇಗಿದೆ ದಳವಾಯಿಗಳೇ? ನಾನೇ ಹೇಳಿ ಮಾಡಿಸಿದ್ದು," ಎಂದ ಅರಸ.

"ಅಮೃತ ಪ್ರಭು!"

"ಹಾಗಾದರೆ ಇನ್ನೊಂದು ಸೌಟು ಬಡಿಸಯ್ಯ."

ಅದೂ ಗಂಟಲಲ್ಲಿ ಇಳಿಯಿತು. ಅಷ್ಟರಲ್ಲಿ ಕೇತಯ್ಯ ಚೊಂಬು ತುಂಬ ಮಜ್ಜಿಗೆಯನ್ನು ಅವನ ಹೊಸ ರೇಷ್ಮೆ ಶಾಲಿನ ಮೇಲೆ ಸುರಿದ. ದುಗ್ಗಪ್ಪನ ಕೈ ಥಟ್ಟನೆ ಮೇಲೆದ್ದಿತು.

"ಸುರಿ ಎಂದವನು ನಾನು," ಎಂದ ಅರಸ ಮೆಲ್ಲಗೆ.

ಎದ್ದ ಕೈ ಗಾಳಿಯಲ್ಲೇ ನಿಂತಿತು. ಎಂಜಲೆಂಬುದನ್ನೂ ಮರೆತು ಮೀಸೆ ನೀವಿತು. "ಒಳ್ಳೆಯದೇ ಆಯಿತು ಪ್ರಭು. ಬಲು ಸೆಕೆಯಿತ್ತು," ಎಂದು ಹಲ್ಲು ಕಿರಿದ ದುಗ್ಗಪ್ಪ.

ಕೇತಯ್ಯ ಚೊಂಬು ಕೆಳಗಿಟ್ಟು ಕೈಮುಗಿದ. "ಪ್ರಭು, ಈ ಕೋಪ ಕುರುಡೆಂದು ನಂಬಿ ಮೋಸಹೋದೆವು. ಇದಕ್ಕೆ ಹದ್ದಿನ ಕಣ್ಣು! ಉಪ್ಪು ಹಾಕಿದವರು ಯಾರು, ಅವರು ತಿರುಗಿ ಏನು ಮಾಡಬಲ್ಲರು, ಎಲ್ಲ ನೋಡಿಕೊಂಡೇ ಏಳುತ್ತದೆ. ಕುರುಡಾಗಿದ್ದದ್ದು ನಮ್ಮ ಸಭೆ."

ಅರಸನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಒಂದು ತೂಕ ಹೆಚ್ಚು.

"ಸಾತವ್ವ, ಆ ಮನೆ ಇನ್ನು ನಿನ್ನದು. ಇವನು ಅದರ ಹೊಸ್ತಿಲು ತುಳಿಯಕೂಡದು. ಇವನಿಗೆ ದಳವಾಯಿ ಪಟ್ಟವೂ ಸಾಕು. ನಾಳೆಯಿಂದ ಕುದುರೆ ಲಾಯದಲ್ಲಿ ಲದ್ದಿ ಬಾಚಲಿ!"

ದುಗ್ಗಪ್ಪ ಗೋಗರೆದ: "ಪ್ರಭು, ಅಲ್ಲಿ ಕೋಪ ಬಂದು ನನ್ನ ಕೈ ಎದ್ದರೆ..."

"ಧಾರಾಳವಾಗಿ ಏಳಲಿ," ಎಂದ ಕೇತಯ್ಯ. "ಕುದುರೆಗಳಿಗೆ ನಮ್ಮ ಗಾದೆ ತಿಳಿಯದು. ಅವು ಉಂಡು ಮಲಗುವ ತನಕ ಕಾಯುವುದಿಲ್ಲ, ಆಗಲೇ ಒದೆಯುತ್ತವೆ."