ಬಳೆ ತೊಡಿಸಿದ ಸ್ವಾಮಿಗಳು

ಹೊದ್ಕೊಂಡು ಮಲ್ಕೋ ಲೂರ್ದು, ಕಾಲಾಡಿಸ್ಬೇಡ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲ ಅನ್ನು, ಒಬ್ಬ ರಾಜ ಇದ್ದನಂತೆ. ಅವನಿಗೆ ಅದೇನು ಬುದ್ಧಿ ಕೆಟ್ಟಿತ್ತೋ, ನನ್ನ ಸೀಮೇಲಿ ಶಿಲುಬೆ ಇರಕೂಡದು, ಪಾದ್ರಿ ಕಂಡ್ರೆ ತಲೆ ತೆಗೀರಿ ಅಂತ ಡಂಗುರ ಸಾರಿಸಿದನಂತೆ. ಗುರುಗಳೆಲ್ಲ ಗಡಿ ದಾಟಿ ಹೋದರಂತೆ. ದಯಾನಾಥ ಸ್ವಾಮಿಗಳು ಮಾತ್ರ, ನಾನೂ ಹೋದ್ರೆ ನಮ್ಮ ಜನದ ಪಾಪನಿವೇದನೆ ಯಾರು ಕೇಳ್ತಾರೆ ಅಂತ ಉಳ್ಕೊಂಡರಂತೆ. ಎಂಥಾ ಗುಂಡಿಗೆ ನೋಡು!

ಆಮೇಲೆ ಏನು ಮಾಡಿದರು ಗೊತ್ತಾ, ನಿಲುವಂಗಿ ಬಿಚ್ಚಿಟ್ಟು, ಪೇಟ ಸುತ್ತಿ, ಬಳೆ ಮಲಾರ ಹೆಗಲಿಗೇರಿಸಿ ಬಳೆಗಾರ ಆಗ್ಬಿಟ್ಟರಂತೆ. ಬಳೆಗಾರ ಹೆಂಗಸರ ಕೈ ಹಿಡಿದು ಕೂತ್ರೆ ಯಾರು ಯಾಕೆ ಅಂತಾರೆ? ಹೆಂಗಸರು ಮೆಲ್ಲಗೆ ಪಾಪ ಒಪ್ಪಿಸೋರಂತೆ, ಸ್ವಾಮಿಗಳು ಬಳೆ ಏರಿಸ್ತಾನೇ ಕೇಳಿಸ್ಕೊಂಡು, ಬಾಯೊಳಗೇ ಜಪ ಹೇಳಿ ಕ್ಷಮೆ ಕೊಡೋರಂತೆ. ಗಂಡಸರೋ, ಹೆಂಡತಿಗೆ ಬಳೆ ಆರಿಸೋ ನೆಪದಲ್ಲಿ ಬಂದು ಕೂತು, ಅವಳ ಮುಂದೆ ಹೇಗೆ ಹೇಳೋದು ಅಂತ ಪೇಚಾಡಿ, ಹೋಗೇ, ಒಳಗಿಂದ ನೀರು ತಾ ಅಂತ ಅಟ್ಟೋರಂತೆ! ನಗು, ನಗು.

ಮೂರು ವರ್ಷ ಹೀಗೇ ನಡೀತಂತೆ. ಆಮೇಲೆ ಒಂದಿನ ಇನ್ನಾಸಮ್ಮ ಅನ್ನೋ ವಿಧವೆ, ಮನಸ್ಸಲ್ಲಿ ಏನೋ ಇಟ್ಕೊಂಡು ಕೊರಗ್ತಿದ್ದವಳು, ತಡೆಯೋಕಾಗ್ದೆ ಜಗಲಿ ಮೇಲೇ ಕೈ ಚಾಚಿಬಿಟ್ಟಳಂತೆ. ಗಂಡ ಸತ್ತೋರು ಬಳೆ ತೊಡದ ಕಾಲ ಅದು. ಆ ಸಂಕಟದಲ್ಲಿ ಅವಳಿಗೆಲ್ಲಿ ನೆನಪಿರುತ್ತೆ, ಪಾಪ! ಬೀದೀಲಿ ಬರ್ತಿದ್ದ ದಳವಾಯಿ, ವಿಧವೆಗೆ ಬಳೆ ಯಾಕೆ ಅಂತ ಅಲ್ಲೇ ನಿಂತನಂತೆ. ಸ್ವಾಮಿಗಳೂ ಅವನನ್ನ ಕಂಡರಂತೆ. ಓಡಬಹುದಿತ್ತು. ಓಡಲಿಲ್ಲ ಕಣೇ! ಅವಳ ಮಾತು ಮುಗಿಯೋವರೆಗೂ ಕೈ ಬಿಡದೆ, ಕ್ಷಮೆ ಪೂರ್ತಿ ಹೇಳಿ, ಆಮೇಲೆ ಎದ್ದು, ನಾನೇ ಪಾದ್ರಿ, ಈಯಮ್ಮನ ತಪ್ಪೇನೂ ಇಲ್ಲ ಅಂದರಂತೆ. ಆ ಗಲಾಟೇಲಿ ಊರೋರು ಇನ್ನಾಸಮ್ಮನ್ನ ಹಿತ್ತಲಿಂದ ಸಾಗಿಸಿಬಿಟ್ಟರಂತೆ.

ಇದು ರಾಜನ ಮೇಲಿನ ಪಿತೂರಿ ಅಂತ ದಳವಾಯಿಗೆ ಅನುಮಾನ. ಅವಳೇನು ಗುಟ್ಟು ಹೇಳಿದಳು ಹೇಳು, ಕುದುರೆ ಕೊಟ್ಟು ಗಡಿ ದಾಟಿಸ್ತೀನಿ ಅಂದನಂತೆ. ಊಹೂಂ. ಆಮೇಲೆ ಮೂರು ದಿನ ಅನ್ನ ನೀರು ಕೊಡದೆ ಕೂಡಿಹಾಕಿ ಕೇಳಿದನಂತೆ. ಊಹೂಂ. ಆಮೇಲೆ ಹುಣಸೆಮರದ ಕೆಳಗೆ ಕತ್ತಿ ಹಿರಿದು ಕೇಳಿದನಂತೆ. ಅದು ಅವಳು ದೇವರಿಗೆ ಹೇಳಿದ ಮಾತು ಮಗಾ, ನಿನಗೆ ಕೊಡೋಕೆ ನನ್ನದಲ್ಲ ಅಂದು ಕತ್ತು ಬಗ್ಗಿಸಿದರಂತೆ. ಅಳಬೇಡ್ವೇ, ನನಗೂ ಅಳು ಬರುತ್ತೆ.

ಆಮೇಲೆ ಆ ರಾಜ ಹೋದ, ಬೇರೆ ರಾಜ ಬಂದ, ನಮ್ಮೋರ ದೇವಾಲಯ ಮತ್ತೆ ಎದ್ದಿತಂತೆ. ಇನ್ನಾಸಮ್ಮ ಊರಿಗೆ ಬಂದು, ಮರಿಮಕ್ಕಳನ್ನೂ ಎತ್ತಾಡಿಸಿ, ನೆಮ್ಮದಿಯಾಗಿ ಕಣ್ಣು ಮುಚ್ಚಿದಳಂತೆ. ಅಲ್ಲಿಗೆ ಕತೆ ಆಯ್ತು, ನಿದ್ದೆ ಮಾಡು.

ಏನಂದೆ? ಅವಳು ಮಾಡಿದ ಪಾಪ ಏನು ಅಂತಾನಾ? ಏಯ್ ಕಿಲಾಡಿ! ಸ್ವಾಮಿಗಳು ತಲೆ ಕೊಟ್ಟು ಕಾಪಾಡಿದ ಮಾತಮ್ಮಾ ಅದು. ಇವತ್ತಿಗೂ ಒಬ್ಬರಿಗೂ ಗೊತ್ತಿಲ್ಲ.