ತಾವು ಎಂದು ಕರೆದ ಕಾಗದ

“ಗುರುಗಳೇ, ಇಷ್ಟೊಂದು ಪ್ರಯಾಸಪಟ್ಟು ಕಾಗದಗಳನ್ನು ನೀವೇ ಏಕೆ ಬರೆಯುತ್ತೀರಿ? ಬರೆದುಕೊಡಲು ನಾನಿಲ್ಲವೇ?”

ಕೇಳಿದವನು ಶಿಷ್ಯ ಮರುಳಸಿದ್ಧ. ಮಠದ ಬರವಣಿಗೆಯೆಲ್ಲ ಅವನದೇ. ಅವನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಸುತ್ತಲಿನ ಊರಿನವರು ಹೇಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಗುರುಗಳಿಗೆ ವಯಸ್ಸಾಗಿತ್ತು. ಕೈ ನಡುಗುತ್ತಿತ್ತು. ಊಟ ಮುಗಿಸಿ ಬರೆಯಲು ಕೂತರೆ ದೀಪ ಹಚ್ಚುವ ಹೊತ್ತಿಗೆ ಒಂದು ಕಾಗದ ಮುಗಿಯುತ್ತಿತ್ತು. ನಡುನಡುವೆ ಲೇಖನಿಯನ್ನು ಹಾಗೆಯೇ ಹಿಡಿದುಕೊಂಡು ಎತ್ತಲೋ ನೋಡುತ್ತ ಒಬ್ಬರೇ ನಗುತ್ತಿದ್ದರು.

“ನೀವು ಬಾಯಲ್ಲಿ ಹೇಳಿದರೆ ಸಾಕು. ಅರ್ಧ ಗಳಿಗೆಯಲ್ಲಿ ಬರೆದು ಮಡಚಿ ಕೊಡುತ್ತೇನೆ,” ಎಂದ ಮರುಳಸಿದ್ಧ.

ಗುರುಗಳು ಲೇಖನಿಯನ್ನು ಕೆಳಗಿಟ್ಟರು. “ಕೂತುಕೋ. ನಿನ್ನ ಹಾಗೆಯೇ ಅವಸರವಿದ್ದ ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ,” ಎಂದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಹೊಳೆಯ ದಂಡೆಯ ಪೇಟೆಯಲ್ಲಿ ಅವನ ಅಂಗಡಿ, ಅದರ ಹಿಂದೆಯೇ ಮನೆ. ಅವನಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಹೋದದ್ದರಿಂದ ಅವನನ್ನು ಎತ್ತಿ ಆಡಿಸಿ, ಉಣ್ಣಿಸಿ, ಬೈದು, ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವಳನ್ನು ಹೊಳೆಯಾಚೆಯ ದೂರದ ಹಳ್ಳಿಗೆ ಕೊಟ್ಟಿದ್ದರು. ಮೊದಮೊದಲು ವ್ಯಾಪಾರಿ ಹಬ್ಬಕ್ಕೊಮ್ಮೆ ಅಕ್ಕನ ಮನೆಗೆ ಹೋಗಿಬರುತ್ತಿದ್ದ. ಆಮೇಲೆ ವ್ಯಾಪಾರ ಬೆಳೆಯಿತು. ಹೋಗುವುದು ನಿಂತು ಹೇಳಿಕಳಿಸುವುದು ಉಳಿಯಿತು. ಚೆನ್ನಾಗಿದ್ದಾಳಂತೆ, ಚೆನ್ನಾಗಿದ್ದಾನಂತೆ ಎಂಬ ಎರಡು ಮಾತು ಗಾಡಿಯವರ ಬಾಯಲ್ಲಿ ಬರುತ್ತ ಹೋಗುತ್ತ ಇದ್ದವು. ಅಕ್ಕನ ಮೇಲೆ ಅವನಿಗೆ ಪ್ರೀತಿಯೇನೋ ಇದ್ದೇ ಇತ್ತು. ಅದನ್ನು ಹೊರಗೆ ತೆಗೆದು ನೋಡಲು ಪುರುಸೊತ್ತಿರಲಿಲ್ಲ.

ವ್ಯಾಪಾರಿಯ ಮಗನಿಗೆ ಮದುವೆ ಗೊತ್ತಾಯಿತು. ಕಾಗದ ಬರೆದು ನೆಂಟರಿಷ್ಟರನ್ನು, ವ್ಯಾಪಾರದ ಪರಿಚಯದವರನ್ನು ಕರೆಯಬೇಕಾಯಿತು. ಅಂಗಡಿಯ ಗುಮಾಸ್ತ ಒಳ್ಳೆಯ ಒಕ್ಕಣೆ ತಯಾರಿಸಿದ. ಒಂದೇ ಒಕ್ಕಣೆಯನ್ನು ಎಲ್ಲರಿಗೂ ಬರೆದ, ತಪ್ಪಿಲ್ಲದೆ, ಚಿತ್ತಿಲ್ಲದೆ. ವ್ಯಾಪಾರಿ ಹೆಸರು ಕೂಗಿದ, ಗುಮಾಸ್ತ ಹೆಸರು ತುಂಬಿದ. ಅಕ್ಕನ ಹೆಸರನ್ನೂ ಹಾಗೆಯೇ ಕೂಗಿದ. ಕಾಗದಗಳು ಹೊರಟವು.

ಮದುವೆಯ ದಿನ ಬಂತು. ಪೇಟೆಯೆಲ್ಲ ಬಂತು. ಅಕ್ಕ ಬರಲಿಲ್ಲ.

ಆ ಮನೆತನದಲ್ಲಿ ಮದುಮಗನಿಗೆ ಮೊದಲ ಅರಿಶಿನ ಹಚ್ಚುವವಳು ಸೋದರತ್ತೆ. ಹಸೆಯ ಮೇಲೆ ಹುಡುಗನನ್ನು ಕೂರಿಸಿ ಎಲ್ಲರೂ ಬಾಗಿಲ ಕಡೆ ನೋಡಿದರು. ಮುಹೂರ್ತ ಕಾಯಲಿಲ್ಲ. ಯಾರೋ ದೂರದ ಸಂಬಂಧದ ಹೆಂಗಸು ಅರಿಶಿನದ ಬಟ್ಟಲು ಎತ್ತಿಕೊಂಡಳು. ಬೀಗರ ಕಡೆಯವರು “ಸೋದರತ್ತೆ ಇಲ್ಲವೇ?” ಎಂದು ಒಬ್ಬರನ್ನೊಬ್ಬರು ಕೇಳಿದ್ದು ವ್ಯಾಪಾರಿಯ ಕಿವಿಗೆ ಬಿತ್ತು. ನಾಲ್ಕು ಜನರ ನಡುವೆ ತಲೆ ತಗ್ಗಿಸುವಂತಾಯಿತು. ಅವನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ಎತ್ತಿ ಆಡಿಸಿದವಳೇ ತನ್ನ ಮಗನ ಹಸೆಯನ್ನು ಕಡೆಗಣಿಸಿದಳಲ್ಲ ಎಂದು ಸಂಕಟಪಟ್ಟ. ಆ ಸಂಕಟ ಒಳಗೆ ಕುದಿದು ಕುದಿದು ಕೋಪವಾಯಿತು.

ಮದುವೆ ಮುಗಿದು ಚಪ್ಪರ ಇಳಿಸಿದ ಮೇಲೆ ಗಾಡಿಯವನು ಬೆಲ್ಲ ಹೇರಿಕೊಂಡು ಹೊಳೆಯಾಚೆ ಹೊರಡಲು ಸಿದ್ಧನಾದ. ಅಕ್ಕನ ಹಳ್ಳಿಯ ಮೇಲೆಯೇ ಅವನ ದಾರಿ.

“ನಾಳೆ ಬೆಳಿಗ್ಗೆ ಹೊರಡ್ತೀನಿ ಧಣಿ. ಅಕ್ಕಾವ್ರಿಗೆ ಏನಾದ್ರೂ ಹೇಳೋದಿತ್ತಾ?” ಎಂದು ಅವನು ವಾಡಿಕೆಯಂತೆ ಕೇಳಿದ.

ನಮಗೂ ಅವಳಿಗೂ ಇನ್ನು ಸಂಬಂಧವಿಲ್ಲ ಎಂದು ಹೇಳು, ಎನ್ನಲು ವ್ಯಾಪಾರಿ ಬಾಯಿ ತೆರೆದ. ಆದರೆ ಈ ಗಾಡಿಯವನ ಬಾಯಿ ಬಲು ಸಡಿಲ. ತಂಗಿದ ಕಡೆಯಲ್ಲೆಲ್ಲ ಇದನ್ನು ಹೇಳಿಕೊಂಡು ಹೋಗುತ್ತಾನೆ. ಮೇಲಾಗಿ ಅಕ್ಕನ ಮುಖ ಕಂಡರೆ ಕರಗಿ, ಮಾತನ್ನು ಮೆತ್ತಗೆ ಮಾಡಿಬಿಡುತ್ತಾನೆ. ಮಾತು ಹೇಗಿದೆಯೋ ಹಾಗೆಯೇ ಅವಳನ್ನು ಮುಟ್ಟಬೇಕು. “ಕಾಗದ ಕೊಡ್ತೀನಿ,” ಎಂದ.

ಗುಮಾಸ್ತ ಮಸಿ, ಲೇಖನಿ ತೆಗೆದುಕೊಂಡು ಬಂದು ಕೂತ. ಅಕ್ಕನನ್ನು ಕಳಚಿಹಾಕುವ ಮಾತನ್ನು ಈ ಸಂಬಳದವನ ಎದುರು ಹೇಗೆ ಆಡುವುದು? “ನೀನು ಮನೆಗೆ ಹೋಗು,” ಎಂದು ವ್ಯಾಪಾರಿ ಗುಮಾಸ್ತನನ್ನು ಕಳಿಸಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಅವನು ತನ್ನ ಕೈಯಾರೆ ಕಾಗದ ಬರೆದು ಎಷ್ಟೋ ವರ್ಷವಾಗಿತ್ತು. ಗುಮಾಸ್ತ ಬರೆದದ್ದಕ್ಕೆ ರುಜು ಹಾಕುವುದಷ್ಟೇ ಅವನ ಕೈಗೆ ಉಳಿದಿದ್ದ ಕೆಲಸ. ಲೇಖನಿ ಬೆರಳಿಗೆ ಒಗ್ಗಲಿಲ್ಲ. ಮೊದಲ ಅಕ್ಷರಕ್ಕೇ ಮಸಿ ತೊಟ್ಟಿಕ್ಕಿತು. ಆದರೂ ಕಾಗದಕ್ಕೆ ಒಂದು ಕ್ರಮವಿದೆಯಲ್ಲ; ಕೋಪದ ಕಾಗದವಾದರೂ ಅದನ್ನು ಬಿಡುವಂತಿಲ್ಲ. ಮೇಲೆ ಶ್ರೀಕಾರ ಹಾಕಿದ. ಅದರ ಕೆಳಗೆ ‘ಉಭಯ ಕುಶಲೋಪರಿ’ ಎಂದು ಬರೆದ. ನೀವೂ ಕ್ಷೇಮ, ನಾವೂ ಕ್ಷೇಮ, ಇನ್ನು ಮುಂದಿನ ಮಾತು ಎಂದು ಅದರ ಅರ್ಥ.

ಅಲ್ಲಿಗೆ ಲೇಖನಿ ನಿಂತಿತು. ಅಕ್ಕ ಕ್ಷೇಮವೇ? ಅವನಿಗೆ ಗೊತ್ತಿರಲಿಲ್ಲ. ತಾನು ಕ್ಷೇಮವೇ? ಮದುವೆಯ ದಿನದಿಂದ ಅನ್ನ ರುಚಿಸಿರಲಿಲ್ಲ. ಗುಮಾಸ್ತ ದಿನವೂ ಬರೆಯುವ ಮಾತು ಅದು. ಅದರ ಕೆಳಗೆ ಇವನು ಕಣ್ಣುಮುಚ್ಚಿ ರುಜು ಹಾಕುತ್ತ ಬಂದಿದ್ದ. ತಾನೇ ಒಂದೊಂದು ಅಕ್ಷರವಾಗಿ ಬರೆದಾಗ ಅದು ಸುಳ್ಳೆಂದು ಕಂಡಿತು. ಹೊಡೆದುಹಾಕಿದ.

ಅವಳ ಮನಸ್ಸಿಗೆ ನಾಟಲಿ ಎಂದು, ಪರರಿಗೆ ಬರೆಯುವಂತೆ ‘ತಾವು’ ಎಂದು ಶುರುಮಾಡಿದ. ಬರೆದು ನೋಡಿದ. ಯಾರೋ ಗುರುತಿಲ್ಲದ ಹೆಂಗಸು ಬಂದು ಎದುರಿಗೆ ನಿಂತಂತಾಯಿತು. ಹುಟ್ಟಿದಾಗಿನಿಂದ ಅವಳನ್ನು ‘ನೀನು’ ಎಂದಲ್ಲದೆ ಬೇರೆ ರೀತಿಯಲ್ಲಿ ಕರೆದವನೇ ಅಲ್ಲ. ಅದನ್ನೂ ಹೊಡೆದುಹಾಕಿದ. ಕೊನೆಗೆ, ‘ಅಕ್ಕ, ನೀನು ಯಾಕೆ ಬರಲಿಲ್ಲ’ ಎಂದು ಬರೆದ.

ಈ ಮಾತನ್ನು ಅವನು ಎಷ್ಟು ಸಲ ಆಡಿದ್ದನೋ. ಹೆಂಡತಿಯ ಮುಂದೆ ಆಡಿದ್ದ, ಅಂಗಡಿಯಲ್ಲಿ ಆಡಿದ್ದ, ನಿದ್ದೆ ಬಾರದೆ ಹೊರಳಾಡುತ್ತ ಆಡಿದ್ದ. ಆಡಿದಾಗಲೆಲ್ಲ ಅದು ಬೈಗುಳವಾಗಿತ್ತು. ಹಾಳೆಯ ಮೇಲೆ ಅವನ ಗಟ್ಟಿ ದನಿ ಇರಲಿಲ್ಲ. ಮಸಿ ಆರುವವರೆಗೂ ಅವನು ಅದನ್ನೇ ನೋಡುತ್ತ ಕೂತ. ಬೈಗುಳವೆಂದುಕೊಂಡಿದ್ದದ್ದು ಒಂದು ಪ್ರಶ್ನೆಯಾಗಿತ್ತು. ಇಷ್ಟು ದಿನ ಅದನ್ನು ಕೂಗಿದ್ದ, ಒಮ್ಮೆಯೂ ಕೇಳಿರಲಿಲ್ಲ. ಹೌದಲ್ಲ, ಅಕ್ಕ ಯಾಕೆ ಬರಲಿಲ್ಲ? ಮಂಡಿ ನೋವೇ? ಜ್ವರವೇ? ಮನೆಯಲ್ಲಿ ಏನಾದರೂ ಆಗಬಾರದ್ದು ಆಯಿತೇ?

ಮುಂದಿನ ಸಾಲನ್ನು ಅವನು ಆತುರದಿಂದ ಬರೆದ. ‘ನಿನ್ನ ಮೈಗೆ ಹೇಗಿದೆ?’ ಬರೆಯುತ್ತಿದ್ದಂತೆ ಅಕ್ಕ ಈ ಕಾಗದವನ್ನು ಎಲ್ಲಿ ಕೂತು ಓದುವಳೆಂಬ ಯೋಚನೆ ಬಂತು. ಅವಳ ಮನೆಯ ನಡುಮನೆ ಕತ್ತಲು. ಬೆಳಕಿಗಾಗಿ ಹೊಸಿಲ ಬಳಿಗೆ ಬರುತ್ತಾಳೆ. ಹಾಳೆಯನ್ನು ದೂರ ಹಿಡಿದು, ಹುಬ್ಬು ಗಂಟಿಕ್ಕಿ, ತುಟಿ ಅಲುಗಿಸುತ್ತ ಓದುತ್ತಾಳೆ. ಅವಳ ಕಣ್ಣಿಗೆ ಕಾಣಲೆಂದು ಅವನು ಅಕ್ಷರಗಳನ್ನು ದೊಡ್ಡದು ಮಾಡಿದ.

ಆಮೇಲೆ ಅವನಿಗೆ ಅಂಗಡಿಯ ಸದ್ದು ಕೇಳಿಸಲಿಲ್ಲ. ಹೊತ್ತು ಹೋದದ್ದು ತಿಳಿಯಲಿಲ್ಲ. ಅವನು ಆ ಹೊಸಿಲ ಮೇಲೆ ಕೂತಿದ್ದ. ಅಕ್ಕ ಎದುರಿಗೆ ಅಕ್ಕಿ ಆರಿಸುತ್ತಿದ್ದಳು. ಸೊಸೆ ಹೇಗಿದ್ದಾಳೋ ಎಂದು ಕೇಳಿದಳು. ಅವನು ಬರೆದ: ‘ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು ಎಂದು ನೀನು ಹೇಳುತ್ತಿದ್ದೆಯಲ್ಲ, ಸೊಸೆ ಹಾಗೆಯೇ ನಗುತ್ತಾಳೆ. ನನಗೆ ಅಮ್ಮನ ನೆನಪಿಲ್ಲ. ನೀನು ನೋಡಿ ಹೌದೋ ಅಲ್ಲವೋ ಹೇಳಬೇಕು.’ ಇಷ್ಟು ಬರೆದು ತಾನೇ ಬೆರಗಾದ. ಸೊಸೆಯ ನಗು ತನ್ನ ಮನಸ್ಸನ್ನು ಹೊಕ್ಕಿದೆಯೆಂದು ಬರೆಯುವವರೆಗೂ ಅವನಿಗೇ ತಿಳಿದಿರಲಿಲ್ಲ.

ಮತ್ತೆ ಬರೆದ. ಊಟದ ಪಂಕ್ತಿಯಲ್ಲಿ ಪಾಯಸ ತಳ ಹಿಡಿದದ್ದನ್ನು ಬರೆದ. ಅದನ್ನು ಬೀಗರು ಹೊಗಳಿ ಎರಡು ಸಲ ಹಾಕಿಸಿಕೊಂಡದ್ದನ್ನು ಬರೆದು ಒಬ್ಬನೇ ನಕ್ಕ. ಅಕ್ಕನೂ ನಕ್ಕಳು. ಅರಿಶಿನದ ಬಟ್ಟಲು ಬೇರೆಯವರ ಕೈಗೆ ಹೋದದ್ದನ್ನು ಬರೆದ. ಅಲ್ಲಿ ಅವನ ಕಣ್ಣು ತುಂಬಿತು. ಒಂದು ಸಾಲು ಕಲಸಿಹೋಯಿತು. ಸಾಲುಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತಿದವು. ಹಾಳೆ ತುಂಬಿತು. ಬದಿಯ ಅಂಚಿನಲ್ಲಿ ಬರೆದ. ಹಾಳೆಯನ್ನು ಅಡ್ಡ ತಿರುಗಿಸಿ ಶ್ರೀಕಾರದ ಪಕ್ಕ ಉಳಿದ ಜಾಗದಲ್ಲಿ ಬರೆದ.

ಹೆಂಡತಿ ಬಂದು, “ಊಟಕ್ಕೆ ಏಳ್ತೀರಾ?” ಎಂದಳು.

“ಇರು, ಅಕ್ಕ ಏನೋ ಹೇಳ್ತಾ ಇದ್ದಾಳೆ,” ಎಂದ ಅವನು, ತಲೆ ಎತ್ತದೆ.

ಹೆಂಡತಿ ಸುತ್ತಲೂ ನೋಡಿದಳು. ಯಾರೂ ಇರಲಿಲ್ಲ. ಗಂಡನ ಮುಖ ಮಾತ್ರ ಎಷ್ಟೋ ದಿನಗಳ ಮೇಲೆ ಹಗುರವಾಗಿತ್ತು. ಅವಳು ಸುಮ್ಮನೆ ಒಳಗೆ ಹೋಗಿ ತಟ್ಟೆ ಮುಚ್ಚಿಟ್ಟಳು.

ಮರುದಿನ ಬೆಳಿಗ್ಗೆ ಕಾಗದ ಹೊರಟಿತು. ಗಾಡಿ ಹೊಳೆ ದಾಟಿದ ಮೇಲೆ ವ್ಯಾಪಾರಿಗೆ ಒಂದು ವಿಷಯ ಹೊಳೆಯಿತು. ಯಾವ ಮಾತಿಗಾಗಿ ಬರೆಯಲು ಕೂತಿದ್ದನೋ ಆ ಮಾತಿಗೆ ಹಾಳೆಯಲ್ಲಿ ಜಾಗವೇ ಉಳಿದಿರಲಿಲ್ಲ. ಇನ್ನು ಸಂಬಂಧವಿಲ್ಲ ಎನ್ನುವುದನ್ನು ಅವನು ಬರೆಯಲು ಮರೆತಿದ್ದ.

ಗಾಡಿ ಹಿಂದಿರುಗುವವರೆಗೂ ಅವನ ಜೀವ ನಿಂತಲ್ಲಿ ನಿಲ್ಲಲಿಲ್ಲ. ಅಕ್ಕನಿಗೆ ಏನಾಗಿದೆಯೋ, ತನ್ನ ಕಾಗದವನ್ನು ತೆಗೆದುಕೊಂಡಳೋ ಇಲ್ಲವೋ ಎಂದು ಹೊಳೆಯ ಕಡೆ ನೋಡುವುದೇ ಆಯಿತು. ಕೊನೆಗೊಂದು ಸಂಜೆ ಗಾಡಿ ಬಂತು. ಖಾಲಿ ಗೋಣಿಚೀಲಗಳ ಮೇಲೆ ಕಾಲು ಚಾಚಿಕೊಂಡು ಅಕ್ಕ ಕೂತಿದ್ದಳು.

ವ್ಯಾಪಾರಿ ಓಡಿಹೋಗಿ ಅವಳನ್ನು ಕೈಹಿಡಿದು ಇಳಿಸಿದ. ಕಾಲಿಗೆ ನೀರು ಕೊಡುವ ಮೊದಲೇ, ಹಾಳೆಯ ಮೇಲಿದ್ದ ಆ ಮಾತನ್ನು ಬಾಯಿಬಿಟ್ಟು ಕೇಳಿದ.

“ಯಾಕೆ ಬರ್ಲಿಲ್ಲ ಅಕ್ಕ?”

“ನೀನು ಕರೀಲೇ ಇಲ್ವಲ್ಲೋ.”

“ಕಾಗದ ಕಳಿಸಿದ್ನಲ್ಲ!”

“ಅದು ನಿನ್ನ ಗುಮಾಸ್ತ ಬರೆದದ್ದು. ಅವನ ಮಗನ ಮದುವೆಯಾಗಿದ್ರೆ ಹೋಗ್ತಿದ್ದೆ,” ಎಂದಳು ಅಕ್ಕ. ಅಲ್ಲಿಯವರೆಗೆ ನಗುತ್ತಿದ್ದವಳ ದನಿ ತಗ್ಗಿತು. “‘ತಾವು ದಯಮಾಡಿಸಬೇಕು’ ಅಂತ ಬರೆದಿತ್ತು. ಹಾಳೆಯನ್ನ ತಿರುಗಿಸಿ ತಿರುಗಿಸಿ ನೋಡಿದೆ, ನಿನ್ನ ಕೈಯಿಂದ ಒಂದು ಮಾತಾದ್ರೂ ಇದೆಯಾ ಅಂತ. ಬರೀ ಬಾ ಅಂತ ಇದ್ರೂ ಸಾಕಿತ್ತು. ನಾನು ನಿನಗೆ ಯಾವಾಗಿಂದ ತಾವು ಆದೆನಪ್ಪಾ? ತಮ್ಮ ದೊಡ್ಡವನಾದ, ನನ್ನನ್ನ ಕೈಬಿಟ್ಟ ಅಂದ್ಕೊಂಡೆ. ಮದುವೆ ದಿನ ಒಲೆ ಹಚ್ಚಲಿಲ್ಲ.”

ಸಂಬಂಧ ಹರಿಯಬೇಕೆಂದು ತಾನು ಹೊರಡುವ ಮೊದಲೇ ಅದನ್ನು ಹರಿದವನು ತಾನೇ ಎಂದು ವ್ಯಾಪಾರಿಗೆ ಅರ್ಥವಾಯಿತು. ಅವನು ಅಳತೊಡಗಿದ. ಅಕ್ಕ ಸೆರಗಿನಿಂದ ಅವನ ಮುಖ ಒರೆಸಿದಳು.

“ಈ ಕಾಗದ ಬೇರೆ,” ಎಂದು ಸೊಂಟದಿಂದ ಮಡಿಕೆಗಳು ಸವೆದ ಹಾಳೆಯನ್ನು ತೆಗೆದಳು. “ಎಷ್ಟು ಕೆಟ್ಟ ಅಕ್ಷರವೋ ಮಾರಾಯ! ಓದೋಕೆ ಎರಡು ದಿನ ಹಿಡೀತು. ಆ ಎರಡು ದಿನವೂ ನೀನು ನಮ್ಮ ಹೊಸಿಲ ಮೇಲೆ ಕೂತು ಗೊಣಗ್ತಾ ಇದ್ದ ಹಾಗೇ ಇತ್ತು. ಎಲ್ಲಿ, ಸೊಸೇನ ಕರಿ. ಹೇಗೆ ನಗ್ತಾಳೆ ನೋಡ್ತೀನಿ.”

ಗುರುಗಳು ಕತೆ ನಿಲ್ಲಿಸಿ ಮತ್ತೆ ಲೇಖನಿಯನ್ನು ಕೈಗೆತ್ತಿಕೊಂಡರು.

ಮರುಳಸಿದ್ಧ ಜಾಣ. ಅವನಿಗೆ ಕತೆಯಲ್ಲಿ ಒಂದು ಸಂದು ಕಂಡಿತು.

“ಗುರುಗಳೇ, ಇದು ಗುಮಾಸ್ತನ ಕೈಚಳಕ ಸಾಲದೆ ಆದ ತೊಂದರೆ,” ಎಂದ. “ಅವನು ಧಣಿಯ ಸೊಟ್ಟ ಅಕ್ಷರವನ್ನು ಹಾಗೆಯೇ ಅನುಕರಿಸಿ, ‘ಅಕ್ಕ, ನೀನು ಬಾ’ ಎಂದು ಬರೆದಿದ್ದರೆ ಅವಳಿಗೆ ಗೊತ್ತಾಗುತ್ತಲೇ ಇರಲಿಲ್ಲ. ಮದುವೆಗೇ ಬಂದುಬಿಡುತ್ತಿದ್ದಳು. ಅಲ್ಲವೇ?”

ಗುರುಗಳು ಮಸಿಯಲ್ಲಿ ಲೇಖನಿ ಅದ್ದಿದರು.

“ಬರುತ್ತಿದ್ದಳು. ಆದರೆ ವ್ಯಾಪಾರಿ ಅವಳ ಹೊಸಿಲ ಮೇಲೆ ಹೋಗಿ ಕೂತಿರುತ್ತಿರಲಿಲ್ಲ.”