ಕರಡಿ ಗುಡ್ಡದ ಹಿಂದಿನ ದಾರಿ

ನದಿಯ ಈಚೆ ದಡದಲ್ಲಿ, ಹಿಂದೆ ಶತ್ರುಗಳ ದಂಡು ನುಗ್ಗಿದ ಮೇಲೆ ಹಾಳುಬಿದ್ದ ಒಂದು ರಾಜಧಾನಿ. ಅಲ್ಲಿಂದ ಒಂದು ಗಂಟೆ ಜೀಪಿನಲ್ಲಿ ಹೋದರೆ ಕರಡಿಗಳ ಕಾಡು. ಬಂದವರಿಗೆ ಮೊದಲ ದಿನ ಊರು, ಎರಡನೆಯ ದಿನ ಕಾಡು. ಹೀಗೆ ಎರಡನ್ನೂ ತೋರಿಸಿ ಕಳಿಸುವುದು ಅಲ್ಲಿನ ಗೈಡುಗಳ ಕಸುಬು.

ಜಂಬಣ್ಣ ಆ ಕಸುಬಿನಲ್ಲಿ ನಲವತ್ತು ವರ್ಷ ಸವೆಸಿದವರು. ಮಂಡಿ ಸೋತ ಮೇಲೆ ಹೊಳೆದಂಡೆಯ ಮಂಟಪದ ನೆರಳಿನಲ್ಲಿ ಕೂತು ಹೊಸಬರಿಗೆ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎಂದರೆ, ಕೇಳಿದ್ದಕ್ಕೆ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದರು.

ನೀಲವ್ವ ಅವರ ಹತ್ತಿರ ಮೂರು ವರ್ಷದಿಂದ ಕಲಿಯುತ್ತಿದ್ದಳು. ಇತಿಹಾಸದಲ್ಲಿ ಬಿ.ಎ. ಮಾಡಿದ್ದಳು. ಯಾವ ಅರಸ ಯಾವ ಗೋಪುರ ಕಟ್ಟಿಸಿದ, ಯಾವ ಕಂಬದಲ್ಲಿ ಯಾವ ಕಥೆ ಕೆತ್ತಿದೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು.

ಒಂದು ದಿನ ಅವಳು ಗುರುಗಳ ಮುಂದೆ ಬಂದು ಕೂತಳು.

“ಗುರುಗಳೇ, ಊರಾಗ ಕಲ್ಲು ನನ್ನ ಮಾತು ಕೇಳ್ತಾವ್ರಿ. ಕಾಡಿನಾಗ ಒಂದೂ ಕೇಳಂಗಿಲ್ಲ. ಕರಡಿ ಬರಲಿಲ್ಲ ಅಂದ್ರ ಜನ ನನ್ನ ಮುಖ ನೋಡ್ತಾರ. ಏನು ಮಾಡ್ಲಿ?”

“ಕಲ್ಲು ನಿನ್ನ ಮಾತು ಕೇಳ್ತಾವ ಅಂತ ಯಾರು ಹೇಳಿದ್ರು?”

“ಮತ್ತ?”

“ಅವಕ್ಕ ಎದ್ದು ಹೋಗಾಕ ಬರಂಗಿಲ್ಲ. ಅಷ್ಟ.”

ನೀಲವ್ವ ನಕ್ಕಳು. ಗುರುಗಳು ನಗಲಿಲ್ಲ.

ಮಾಗಿಯ ಚಳಿ ಇನ್ನೂ ಇದ್ದ ಒಂದು ವಾರ ಆರು ಜನರ ತಂಡ ಬಂತು. ಐದು ಜನ ಒಂದೇ ಆಫೀಸಿನವರು, ಗೆಳೆಯರು. ಆರನೆಯವರು ಮೈಸೂರಿನ ಲಲಿತಾಂಬ. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಬ್ಬರೇ ಬಂದಿದ್ದರು. ಕೊರಳಲ್ಲಿ ಹಳೆಯದೊಂದು ದುರ್ಬೀನು ತೂಗುತ್ತಿತ್ತು.

ಮೊದಲ ದಿನ ನೀಲವ್ವ ಅವರಿಗೆ ಊರು ತೋರಿಸಿದಳು. ಗೆಳೆಯರು ಫೋಟೋ ತೆಗೆದುಕೊಂಡರು. ಅವಳು ಹೇಳಿದ್ದನ್ನೆಲ್ಲ ಲಲಿತಾಂಬ ತಲೆದೂಗಿ ಕೇಳಿದರು. ದುರ್ಬೀನನ್ನು ಮಾತ್ರ ಮುಟ್ಟಲಿಲ್ಲ.

“ಇದು ನಮ್ಮೆಜಮಾನ್ರದು,” ಅಂದರು ಸಂಜೆ, ಚಹಾ ಕುಡಿಯುವಾಗ. “ಮೂರು ಸಲ ಬಂದಿದ್ರು ಈ ಕಾಡಿಗೆ. ಮೂರು ಸಲಾನೂ ಕರಡಿ ಕಾಣಲಿಲ್ಲ. ನಾಲ್ಕನೇ ಸಲ ಇಬ್ಬರೂ ಹೋಗೋಣ ಅಂತ ಬುಕ್ ಮಾಡಿದ್ರು. ಆಮೇಲೆ ಅವರೇ ಇಲ್ಲ.”

ನೀಲವ್ವ ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.

“ನಾಳೆ ಕಾಣುತ್ತಾಮ್ಮ?” ಎಂದು ಕೇಳಿದರು ಲಲಿತಾಂಬ.

“ಕಾಣ್ತೈತ್ರಿ,” ಅಂದುಬಿಟ್ಟಳು ನೀಲವ್ವ.

ಮರುದಿನ ಮಧ್ಯಾಹ್ನ ಜೀಪು ಕಾಡು ಹೊಕ್ಕಿತು. ಓಡಿಸುತ್ತಿದ್ದವನು ಮೌಲಾಲಿ. ಮೂರು ತಾಸು ಸುತ್ತಿದರು. ನವಿಲು ಕಂಡವು. ಒಂದು ನರಿ ಕಂಡಿತು. ಕರಡಿ ಕೆದಕಿಹೋದ ಹುತ್ತಗಳು ಕಂಡವು. ಕರಡಿ ಕಾಣಲಿಲ್ಲ.

ಗೆಳೆಯರಲ್ಲಿ ಒಬ್ಬ ಆಕಳಿಸಿದ. ಇನ್ನೊಬ್ಬ, “ನಿನ್ನೆ ಕಲ್ಲು, ಇವತ್ತು ಹುತ್ತ,” ಅಂದ. ಉಳಿದವರು ನಕ್ಕರು.

ಲಲಿತಾಂಬ ಕೊರಳಲ್ಲಿದ್ದ ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ನೀಲವ್ವನಿಗೆ ಆ ಬೆರಳನ್ನು ನೋಡಲಾಗಲಿಲ್ಲ.

ಕರಡಿ ಗುಡ್ಡದ ಹಿಂದೆ ಒಂದು ಗವಿ ಇತ್ತು. ಅಲ್ಲಿ ತಾಯಿಕರಡಿ ಮರಿ ಹಾಕಿದೆ ಎಂದು ಜಂಬಣ್ಣನವರೇ ದೂರದಿಂದ ತೋರಿಸಿದ್ದರು. ಅತ್ತ ಜೀಪು ಹೋಗುವಂತಿಲ್ಲ. ಅದು ಇಲಾಖೆಯ ಕಟ್ಟಳೆ. ಗುರುಗಳ ಕಟ್ಟಳೆಯೂ ಹೌದು.

“ಮೌಲಾಲಿ, ಗುಡ್ಡದ ಹಿಂದ ತಗೋ,” ಅಂದಳು ನೀಲವ್ವ.

ಅವನು ತಿರುಗಿ ನೋಡಿದ. “ಅಕ್ಕಾ, ಅಲ್ಲಿ ದಾರಿ ಇಲ್ಲ.”

“ಗೊತ್ತೈತಿ. ತಗೋ.”

“ಬ್ಯಾಡಕ್ಕಾ.”

“ನಾನು ಹೇಳಾಕತ್ತೀನಿ. ಬಂದದ್ದು ನನ್ನ ತಲೆ ಮ್ಯಾಲ ಬರಲಿ.”

ಜೀಪು ಕುರುಚಲು ಗಿಡಗಳನ್ನು ತುಳಿದುಕೊಂಡು ಗುಡ್ಡದ ಹಿಂದೆ ಹೋಯಿತು. ಗವಿಯ ಮುಂದಿನ ಬಂಡೆಯ ಹತ್ತಿರ ಬಂದು ನಿಂತಿತು. ಇಂಜಿನ್ ಸದ್ದಿಗೆ ತಾಯಿಕರಡಿ ಹೊರಗೆ ಹಾರಿತು.

ಬೆನ್ನ ಮೇಲೆ ಎರಡು ಮರಿಗಳು. ತಾಯಿಯ ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಎರಡು ಕರಿ ಗಂಟುಗಳ ಹಾಗೆ ಕೂತಿದ್ದವು.

ಗೆಳೆಯರು ಎದ್ದು ನಿಂತರು. ಕ್ಯಾಮೆರಾಗಳು ಕಟಕಟನೆ ಸದ್ದು ಮಾಡಿದವು. ಕರಡಿ ಜೀಪಿನ ಮುಂದೆಯೇ ಅಡ್ಡ ಓಡಿ, ಬಂಡೆಯಿಂದ ಬಂಡೆಗೆ ಜಿಗಿದು, ಆಚೆಯ ಪೊದೆಯಲ್ಲಿ ಮರೆಯಾಯಿತು.

“ಸೂಪರ್,” ಅಂದ ಮೊದಲು ಆಕಳಿಸಿದ್ದವನು. “ಇದಪ್ಪಾ ಸಫಾರಿ ಅಂದ್ರೆ.”

ನೀಲವ್ವ ಲಲಿತಾಂಬನವರ ಕಡೆ ತಿರುಗಿದಳು. ಅವರು ದುರ್ಬೀನು ಎತ್ತಿರಲಿಲ್ಲ. ಬಂಡೆಗಳ ಸಂದಿಯನ್ನೇ ನೋಡುತ್ತಿದ್ದರು.

“ಒಂದು ಬಿತ್ತಲ್ಲಮ್ಮ,” ಅಂದರು.

ಹೌದು. ಜೀಪಿನ ಈಚೆ, ಎರಡು ಬಂಡೆಗಳ ನಡುವೆ, ಮರಿಯೊಂದು ಬಿದ್ದು ಕುಂಯ್‌ಗುಡುತ್ತಿತ್ತು. ತಾಯಿ ಆ ಕಡೆ. ಮರಿ ಈ ಕಡೆ. ನಡುವೆ ಜೀಪು.

ಮೌಲಾಲಿ ಮೆಲ್ಲಗೆ ಜೀಪನ್ನು ಹಿಂದಕ್ಕೆ ತೆಗೆದ. ಕಾಡಿನ ಗೇಟು ದಾಟುವವರೆಗೂ ಆ ಕೂಗು ನೀಲವ್ವನ ಕಿವಿಯಲ್ಲೇ ಇತ್ತು.

ಹೊತ್ತು ಮುಳುಗುವ ಮುಂಚೆ ಅವಳು ಹೊಳೆದಂಡೆಗೆ ಬಂದಳು. ಗುರುಗಳು ಮಂಟಪದಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ.

ಗುರುಗಳು ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಬೈಯಲಿಲ್ಲ.

“ಕುಂದ್ರವ್ವ,” ಅಂದರು. “ಉಂಡೇನು?”

ಅವಳಿಗೆ ಅಳು ಬಂತು.

ಅಳು ನಿಂತ ಮೇಲೆ ಗುರುಗಳು ಕೇಳಿದರು. “ಫಾರೆಸ್ಟಿನವರಿಗೆ ಹೇಳಿದೇನು?”

“ಇಲ್ರಿ. ಮೊದಲು ನಿಮ್ಮ ಹತ್ರ ಬಂದೆ.”

“ಮೊದಲು ಅಲ್ಲಿಗೆ ಹೋಗು. ಆಮೇಲೆ ಇಲ್ಲಿ ಅಳು.”

ಅವಳು ಹೋದಳು. ಮೌಲಾಲಿ ಬೇಡವೆಂದಿದ್ದ, ತಪ್ಪು ತನ್ನೊಬ್ಬಳದೇ ಎಂದು ಬರೆದುಕೊಟ್ಟಳು. ಒಂದು ತಿಂಗಳು ಅವಳು ಕಾಡಿಗೆ ಕಾಲಿಡುವಂತಿಲ್ಲ ಎಂದಾಯಿತು. ಕಾಡು ಕಾಯುವ ವಾಚರು ದೂರದಿಂದ ನಿಗಾ ಇಡುತ್ತಾರೆ, ಮರಿಯನ್ನು ಮನುಷ್ಯರು ಮುಟ್ಟಿದರೆ ತಾಯಿ ಹತ್ತಿರ ಸೇರಿಸದಿರಬಹುದು ಎಂದರು ಫಾರೆಸ್ಟಿನವರು.

ಮರುದಿನ ಬೆಳಗಿನ ಜಾವ ಜಂಬಣ್ಣ ಕೋಲು ಹಿಡಿದು ಅವಳ ಮನೆಯ ಮುಂದೆ ನಿಂತಿದ್ದರು. ಅವರ ಪಕ್ಕದಲ್ಲಿ ಲಲಿತಾಂಬ. ಐದು ಜನ ಗೆಳೆಯರು ರಾತ್ರಿಯ ಬಸ್ಸಿಗೇ ಹೋಗಿದ್ದರು. ಲಲಿತಾಂಬ ಹೋಗಿರಲಿಲ್ಲ.

“ಅದು ಏನಾಯ್ತು ಅಂತ ತಿಳ್ಕೊಳ್ದೆ ಹೆಂಗೆ ಹೋಗ್ಲಿ?” ಅಂದರು.

ಕಾಡಿನ ಬೇಲಿಯ ಹೊರಗೆ, ಹೊಲಗಳ ಅಂಚಿನಲ್ಲಿ ಎತ್ತರದ ಒಂದು ಬಂಡೆ ಇತ್ತು. ಅಲ್ಲಿಂದ ಕರಡಿ ಗುಡ್ಡದ ಹಿಂಬದಿ ಕಾಣುತ್ತಿತ್ತು. ಗವಿ ಅಂಗೈಯಷ್ಟು ಒಂದು ಕಪ್ಪು ಕಲೆಯ ಹಾಗೆ. ಮೌಲಾಲಿಯ ಜೀಪಿನಲ್ಲಿ ಅಲ್ಲಿಗೆ ಹೋಗಿ ಮೂವರೂ ಕೂತರು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು.

ಬಿಸಿಲೇರಿತು. ಏನೂ ಅಲುಗಲಿಲ್ಲ.

“ಗುರುಗಳೇ, ವಾಚರನ್ನು ಕೇಳಿಕೊಂಡು ಒಂದು ಸಲ ಹತ್ರ ಹೋಗಿ ನೋಡಿ ಬರ್ತೀನ್ರಿ.”

“ಯಾರ ಸಲುವಾಗಿ?”

“ಮರಿ ಸಲುವಾಗಿ.”

“ನೀನು ಹೋದ್ರ ಮರಿಗೆ ಏನು ಸಿಗ್ತೈತಿ?”

ಅವಳು ಯೋಚಿಸಿದಳು. “ಏನೂ ಇಲ್ರಿ.”

“ನಿನಗ?”

“ಸಮಾಧಾನ ಸಿಗ್ತೈತ್ರಿ.”

“ನಿನ್ನೆನೂ ಯಾರಿಗೋ ಸಮಾಧಾನ ಕೊಡಾಕ ಹೋಗಿದ್ದಿ.”

ನೀಲವ್ವ ತಲೆ ತಗ್ಗಿಸಿದಳು. ಲಲಿತಾಂಬ ಕೈ ಚಾಚಿ ಅವಳ ಬೆನ್ನ ಮೇಲೆ ಇಟ್ಟರು.

“ನನ್ನಿಂದಾನೇ ಆಯ್ತು ಸ್ವಾಮಿ ಇದು,” ಅಂದರು. “ನಾನು ಆ ಕಥೆ ಹೇಳಬಾರದಾಗಿತ್ತು.”

“ಕಥೆ ಹೇಳಿದ್ದು ತಪ್ಪಲ್ಲ ತಾಯಿ,” ಅಂದರು ಜಂಬಣ್ಣ. “ಕೇಳಿ ಮರುಗಿದ್ದೂ ತಪ್ಪಲ್ಲ.”

“ಹಂಗಾರ ತಪ್ಪು ಯಾವುದ್ರಿ?” ನೀಲವ್ವ ಕೇಳಿದಳು.

ಜಂಬಣ್ಣ ರೊಟ್ಟಿ ಮುರಿದು ಅವಳ ಕೈಗಿಟ್ಟರು. “ತಿನ್ನು. ಇನ್ನೂ ಹೊತ್ತೈತಿ.”

ಆ ದಿನ ಏನೂ ಕಾಣಲಿಲ್ಲ. ಎರಡನೆಯ ದಿನವೂ ಕಾಣಲಿಲ್ಲ.

ಆ ಎರಡು ದಿನದಲ್ಲಿ ನೀಲವ್ವ ಅದುವರೆಗೆ ನೋಡದಿದ್ದ ಎಷ್ಟೋ ಕಂಡಳು. ಬಿಸಿಲು ಏರಿದ ಹಾಗೆ ಗುಡ್ಡದ ಬಣ್ಣ ಬದಲಾಗುವುದು. ಗೌಜಲಹಕ್ಕಿಗಳು ಒಂದರ ಹಿಂದೆ ಒಂದು ಸಾಲಾಗಿ ದಾಟುವುದು. ಮೂರು ವರ್ಷ ಈ ಕಾಡು ತೋರಿಸಿದ್ದರೂ ಅವಳು ಯಾವತ್ತೂ ಒಂದೇ ಕಡೆ ಕೂತಿರಲಿಲ್ಲ. ಆದರೆ ಅದನ್ನು ಕಂಡು ಖುಷಿಪಡುವ ಮನಸ್ಸೂ ಅವಳಲ್ಲಿ ಇರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಮರಿ ಕೂಗಿದ ಹಾಗೆ ಕೇಳುತ್ತಿತ್ತು.

ಲಲಿತಾಂಬ ಗಂಡನ ವಿಷಯ ಹೇಳುತ್ತಿದ್ದರು. ಅವರು ಮನೆಯಲ್ಲಿ ಕಾಫಿ ಮಾಡುತ್ತಿದ್ದದ್ದು, ರೇಡಿಯೋ ರಿಪೇರಿ ಮಾಡುತ್ತಿದ್ದದ್ದು.

“ಕರಡಿ ಕಾಣಲಿಲ್ಲ ಅಂತ ಅವರಿಗೆ ಬ್ಯಾಸರ ಆಗಿತ್ತೇನ್ರಿ ಅಮ್ಮ?” ನೀಲವ್ವ ಕೇಳಿದಳು.

ಲಲಿತಾಂಬ ತಲೆಯಾಡಿಸಿದರು.

“ಇಲ್ಲಮ್ಮ. ಪ್ರತಿ ಸಲಾನೂ ಬಂದು, ಇದೆ ಕಣೇ, ಅಲ್ಲೇ ಎಲ್ಲೋ ಇದೆ ಅಂತಿದ್ರು. ಸಂತೋಷವಾಗೇ ಹೇಳ್ತಿದ್ರು.”

ಜಂಬಣ್ಣ ಗುಡ್ಡದ ಕಡೆ ನೋಡುತ್ತಲೇ ಇದ್ದರು.

ಮೂರನೆಯ ದಿನ, ಬಿಸಿಲು ಇಳಿಯುವ ಹೊತ್ತಿಗೆ, ಅವರು ಕೋಲನ್ನು ಮೆಲ್ಲಗೆ ಎತ್ತಿದರು.

ಗವಿಯ ಎಡಕ್ಕೆ ಕಪ್ಪಗಿನದೊಂದು ಅಲುಗಿತು. ಬಂಡೆಯಲ್ಲ. ತಾಯಿಕರಡಿ. ಹೊಲದಂಚಿನಿಂದ ನೋಡಿದರೆ ಹೆಬ್ಬೆರಳಿನಷ್ಟು. ಬೆನ್ನ ಮೇಲೆ ಒಂದು ಮರಿ.

ನೀಲವ್ವ ಎಣಿಸಿದಳು. ಮತ್ತೆ ಎಣಿಸಿದಳು. ಒಂದೇ.

ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

“ನೋಡು,” ಅಂದರು ಲಲಿತಾಂಬ. ಕಣ್ಣಿಗೆ ದುರ್ಬೀನು ಹಿಡಿದಿದ್ದರು. “ಕೈ ತೆಗಿಯಮ್ಮ. ಹಿಂದೆ ನೋಡು.”

ತಾಯಿಯ ಹಿಂದೆ, ಹತ್ತು ಮಾರು ದೂರದಲ್ಲಿ, ಇನ್ನೊಂದು ಬರುತ್ತಿತ್ತು. ಮುಂಗಾಲೊಂದನ್ನು ಊರುತ್ತಿರಲಿಲ್ಲ. ಮೂರು ಕಾಲಿನಲ್ಲಿ ಕುಂಟುತ್ತ, ನಿಲ್ಲುತ್ತ, ಮತ್ತೆ ಕುಂಟುತ್ತ ಬರುತ್ತಿತ್ತು.

ತಾಯಿ ನಿಂತಿತು. ಮರಿ ಹತ್ತಿರ ಬಂದು ಬೆನ್ನು ಹತ್ತಲು ನೋಡಿತು. ಜಾರಿ ಬಿತ್ತು. ಮತ್ತೆ ಹತ್ತಿತು. ಮತ್ತೆ ಜಾರಿತು.

ತಾಯಿಕರಡಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. ಅವಸರವಿಲ್ಲದೆ ಮಲಗಿಯೇ ಇತ್ತು. ಮರಿ ಎಷ್ಟೋ ಹೊತ್ತಿನ ಮೇಲೆ ಹತ್ತಿ ಕೂತಿತು. ಆಮೇಲೆ ತಾಯಿ ಮೆಲ್ಲಗೆ ಎದ್ದು ಗವಿಯೊಳಗೆ ಹೋಯಿತು.

ಲಲಿತಾಂಬ ದುರ್ಬೀನು ಇಳಿಸಿ, ಸೆರಗಿನಿಂದ ಅದರ ಗಾಜು ಒರೆಸಿದರು. ಕಣ್ಣನ್ನೂ ಒರೆಸಿಕೊಂಡರು.

ಮರುದಿನ ಬೆಳಗ್ಗೆ ಅವರನ್ನು ಬಸ್ಸು ಹತ್ತಿಸಿದರು. ಹತ್ತುವ ಮುಂಚೆ ಲಲಿತಾಂಬ ನೀಲವ್ವನ ಗಲ್ಲ ಸವರಿದರು.

“ಆ ಕಾಲು ವಾಸಿಯಾಯ್ತಾ ಅಂತ ಒಂದು ಕಾಗದ ಬರಿ. ಫೋನ್ ಬೇಡ. ಕಾಗದ ಬರಿ.”

“ಬರೀತೀನ್ರಿ ಅಮ್ಮ.”

ಬಸ್ಸು ಹೋದ ಮೇಲೆ ಗುರು-ಶಿಷ್ಯರು ಹಾಳೂರಿನ ನಡುವೆ ನಡೆದು ಹೊರಟರು.

“ಗುರುಗಳೇ,” ಅಂದಳು ನೀಲವ್ವ, “ತಿಂಗಳು ಮುಗಿದ ಮ್ಯಾಲೂ ನಾನು ಕಾಡಿಗೆ ಹೋಗಂಗಿಲ್ರಿ. ಇನ್ನು ಊರಷ್ಟ ತೋರಿಸ್ತೀನಿ. ಊರಾಗ ನನ್ನಿಂದ ಯಾರಿಗೂ ಏನೂ ಆಗಂಗಿಲ್ಲ.”

ಜಂಬಣ್ಣ ದಾರಿ ಬಿಟ್ಟು ಎಡಕ್ಕೆ ತಿರುಗಿದರು. ಅರಮನೆಯ ಕಡೆಗಲ್ಲ, ಗುಡಿಯ ಕಡೆಗಲ್ಲ. ಯಾವ ಗೈಡೂ ಯಾರನ್ನೂ ಕರೆದೊಯ್ಯದ ಕಡೆ.

ಅಲ್ಲಿ ಮೊಣಕಾಲೆತ್ತರದ ಗೋಡೆಗಳ ಸಾಲು ಇತ್ತು. ದಂಡು ನುಗ್ಗಿದಾಗ ಬರಿದಾದ ಯಾರೋ ಸಾಮಾನ್ಯ ಜನರ ಮನೆಗಳು. ಹೆಸರಿಲ್ಲ, ಶಾಸನವಿಲ್ಲ. ಹುಲ್ಲು ಬೆಳೆದಿತ್ತು. ಒಂದು ಮೂಲೆಯಲ್ಲಿ ಬೀಸುಕಲ್ಲಿನ ಒಂದು ತುಂಡು ಬಿದ್ದಿತ್ತು.

ಒಂದು ಮನೆಯ ಮುಂದೆ ಗುರುಗಳು ನಿಂತರು. ಹೊಸ್ತಿಲ ಕಲ್ಲು ನಡುವೆ ಸವೆದು ಬಟ್ಟಲಿನಂತಾಗಿತ್ತು. ನೂರಾರು ವರ್ಷ ಜನ ತುಳಿದು ಸವೆದದ್ದು. ಪಕ್ಕದಲ್ಲಿ ಬಾಗಿಲಿನ ಕೀಲು ತಿರುಗುತ್ತಿದ್ದ ಕಲ್ಲಿನ ಕುಳಿ.

ನೀಲವ್ವ ಹೊಸ್ತಿಲು ದಾಟಿ ಒಳಗೆ ಹೋಗಿ ನಿಂತಳು. ಸುತ್ತ ನೋಡಿದಳು.

“ಇಲ್ಲಿ ತೋರಿಸಾಕ ಏನೂ ಇಲ್ಲಲ್ರಿ ಗುರುಗಳೇ.”

ಜಂಬಣ್ಣ ಹೊರಗೇ ನಿಂತಿದ್ದರು. ಕೋಲನ್ನು ಹೊಸ್ತಿಲಿಗೆ ತಾಗದ ಹಾಗೆ ಹಿಡಿದಿದ್ದರು.

“ಒಳಗ ಹೋಗೋ ಮುಂದ ಕೇಳಿದೇನು?”

ಅವಳು ತಬ್ಬಿಬ್ಬಾದಳು. “ಯಾರನ್ನ ಕೇಳ್ಲಿ? ಇಲ್ಲಿ ಯಾರೂ ಇಲ್ಲಲ್ರಿ.”

“ಕೇಳದ ಒಳಗ ಬಂದವರು ಬಂದು ಹೋದ ಮ್ಯಾಲ,” ಅಂದರು ಗುರುಗಳು, “ಯಾರೂ ಇರಂಗಿಲ್ಲವ್ವ.”